ಪ್ರೂಫಿನ ಮೇಲಿನ ಕೆಂಪು ಸುತ್ತು

ಪ್ರಿಂಟಿಂಗ್ ಪ್ರೆಸ್ಸಿನ ಮಾಲೀಕ ಠಾಣೆಗೆ ಓಡಿಬಂದಾಗ ಹನ್ನೊಂದೂವರೆ. ಅವನ ಎರಡು ಕಾಲಿಗೂ ಬೇರೆ ಬೇರೆ ಜೋಡಿಯ ಚಪ್ಪಲಿ.

"ನಮ್ಮ ಡಿಸೈನರ್‌ನ ಯಾರೋ ಹೊಡೆದು ಹಾಕಿದಾರೆ ಸಾರ್. ಕಾಗದ ತರೋಕೆ ಹೋಗಿದ್ದೆ, ಬಂದು ನೋಡಿದ್ರೆ..." ಅವನು ಪ್ರೆಸ್ಸಿನ ದಿಕ್ಕಿಗೆ ಕೈ ತೋರಿದ.

ಇನ್‌ಸ್ಪೆಕ್ಟರ್ ಎದುರಿಗೆ ಆಗಲೇ ಇನ್ನೊಬ್ಬ ದೂರುದಾರ ಕೂತು ಬೆಳಿಗ್ಗೆಯಿಂದ ಅವರ ತಲೆ ತಿನ್ನುತ್ತಿದ್ದ. ಹೆಂಡತಿ ಮೆಟ್ಟಿಲಿಂದ ಬಿದ್ದು ಸತ್ತು ತಿಂಗಳಾಗಿದೆ, ಅತ್ತೆ ತನ್ನನ್ನೇ ಕೊಲೆಗಾರ ಅಂತ ಊರೆಲ್ಲ ಸಾರುತ್ತಿದ್ದಾಳೆ ಎಂಬುದು ಅವನ ದೂರು. ಮಾತುಮಾತಿಗೂ ಮೇಜು ಕುಟ್ಟುತ್ತಿದ್ದ. ಸಡಿಲವಾಗಿ ಅಂಗೈ ಕಡೆಗೆ ತಿರುಗಿದ್ದ ಚೌಕ ಹರಳಿನ ಉಂಗುರ ಮೇಜಿನ ಗಾಜಿಗೆ ಟಕ್ ಟಕ್ ಬಡಿಯುತ್ತಿತ್ತು. "ನಿಂದು ಆಮೇಲೆ ನೋಡೋಣ, ಏಳಯ್ಯ" ಎಂದು ಅವನನ್ನು ಸಾಗಹಾಕಿ, ಮಾಲೀಕನ ಹೇಳಿಕೆಯ ಮೇಲೆ ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಜೀಪು ಹತ್ತಿದರು.

ಡಿಸೈನರ್ ಕಂಪ್ಯೂಟರಿನ ಮುಂದೆ ನೆಲಕ್ಕೆ ಬಿದ್ದಿದ್ದ. ತಲೆಯ ಎಡಭಾಗ ಒಳಕ್ಕೆ ಕುಸಿದಿತ್ತು. ಹೊಡೆತ ತಡೆಯಲು ಎತ್ತಿದ ಕೈಯ ಬೆರಳುಗಳು ಮುರಿದು ಹಿಂದಕ್ಕೆ ತಿರುಗಿದ್ದವು. ಕೀಬೋರ್ಡಿನ ಸಂದುಗಳಲ್ಲಿ ರಕ್ತ ನಿಂತಿತ್ತು. ಕಾಗದದ ಕಟ್ಟುಗಳ ಮೇಲೆ ಭಾರಕ್ಕಿಡುವ ಕಬ್ಬಿಣದ ತುಂಡು ಪಕ್ಕದಲ್ಲೇ ಬಿದ್ದಿತ್ತು, ಅದಕ್ಕೆ ಕೂದಲು ಅಂಟಿತ್ತು. ಹೊಡೆದವರು ಅವನು ಬಿದ್ದ ಮೇಲೂ ಬಿಟ್ಟಿರಲಿಲ್ಲ. ಹೆಣ ನೋಡಿ ನೋಡಿ ಕಲ್ಲಾಗಿದ್ದ ದಫೇದಾರ ಕೂಡ ಒಂದು ಗಳಿಗೆ ಹೊರಗೆ ಹೋಗಿ ನಿಂತು ಬಂದ.

ಪಂಚನಾಮೆಗೆ ಕೂತಾಗ ಕುರ್ಚಿಯ ಕೆಳಗೆ ಒಂದು ಹಾಳೆ ಸಿಕ್ಕಿತು. ನಗದೆ ನೇರವಾಗಿ ನೋಡುತ್ತಿದ್ದ ಯುವತಿಯೊಬ್ಬಳ ಮುಖ, ಕೆಳಗೆ ದಪ್ಪಕ್ಷರ: 'ನನ್ನ ಮಗಳಿಗೆ ನ್ಯಾಯ ಬೇಕು.' ಎಡಗೆನ್ನೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು, ಅದೂ ಕಾಗದ ಹರಿಯುವಷ್ಟು ಒತ್ತಿ. ಸುತ್ತಿನೊಳಗೆ ಏನೂ ಇರಲಿಲ್ಲ.

"ಇದೇನಯ್ಯ?"

"ಪ್ರೂಫ್ ಸಾರ್" ಎಂದ ಮಾಲೀಕ. "ಅಚ್ಚಿಗೆ ಕಳಿಸೋ ಮುಂಚೆ ಗಿರಾಕಿಗೆ ಒಂದು ಪ್ರತಿ ತೋರಿಸ್ತೀವಿ. ತಪ್ಪಿದ್ರೆ ಸುತ್ತು ಹಾಕ್ತಾರೆ, ಸರಿಯಿದ್ರೆ ಸಹಿ ಹಾಕ್ತಾರೆ."

ಸಹಿಯ ಜಾಗ ಖಾಲಿಯಿತ್ತು. ಪೋಸ್ಟರ್ ಮಾಡಿಸಿದ ಹೆಂಗಸು ಯಾರು, ಮನೆ ಎಲ್ಲಿ ಎಂದು ಮಾಲೀಕನೇ ಹೇಳಿದ. ಬೆಳಿಗ್ಗೆ ಠಾಣೆಯಲ್ಲಿ ಕೂತಿದ್ದವ ದೂರುತ್ತಿದ್ದ ಅದೇ ಅತ್ತೆ.

"ಹಾಗಾದ್ರೆ ಅಳಿಯಂದೇ ಕೆಲಸ ಸಾರ್, ಪೋಸ್ಟರ್ ನಿಲ್ಲಿಸೋಕೆ" ಎಂದ ದಫೇದಾರ.

"ಅವನು ನನ್ನೆದುರಿಗೇ ಕೂತಿದ್ನಲ್ಲಯ್ಯ. ಅವನಿಗೆ ನಾನೇ ಸಾಕ್ಷಿ!" ಇನ್‌ಸ್ಪೆಕ್ಟರಿಗೆ ತನ್ನ ಮೇಲೇ ಕೋಪ ಬಂತು. "ಈ ಕೆನ್ನೆ ಮೇಲೆ ಏನೋ ಇರಬೇಕಿತ್ತು. ಇಲ್ಲ ಅಂತ ಸುತ್ತು ಹಾಕಿದಾರೆ. ಇರಲಿ ಅಂತ ಬಯಸೋರು ಯಾರು, ಹೇಳು."

ಆ ಹೆಂಗಸು ಮನೆ ಬಾಗಿಲು ತೆರೆದಿಟ್ಟುಕೊಂಡೇ ಕೂತಿದ್ದಳು. ಕೈ ತೊಳೆದಿದ್ದಳು, ಸೀರೆಯ ಅಂಚು ತೊಳೆದಿರಲಿಲ್ಲ.

"ಪ್ರೆಸ್ಸಿಗೆ ಹೋಗಿದ್ರಾ ಅಮ್ಮಾ?"

"ಹೋಗಿದ್ದೆ."

"ಯಾಕೆ ಹೊಡೆದ್ರಿ?"

"ಸಾಯೋ ಮುಂಚೆ ಮಗಳು ಬಂದಿದ್ಲು. ಕೆನ್ನೆ ಮೇಲೆ ಅವನ ಬೆರಳು ಮೂಡಿದ್ವು. ನಾನೇ ಫೋಟೋ ತೆಗೆದೆ. ಅದನ್ನ ಪ್ರೆಸ್ಸಿಗೆ ಕೊಟ್ಟ ಮಾರನೇ ದಿನ ಅಳಿಯ ಬಂದು ನನ್ನ ಫೋನು ಕಲ್ಲಿಗೆ ಕುಟ್ಟಿ ಪುಡಿ ಮಾಡ್ದ. ಮಾಡ್ಕೋ, ಪ್ರೆಸ್ಸಲ್ಲಿ ಇದೆಯಲ್ಲ ಅಂತ ಒಳಗೊಳಗೇ ನಕ್ಕೆ." ಅವಳು ಸೆರಗು ಬಿಗಿಹಿಡಿದಳು. "ಇವತ್ತು ಹೋದ್ರೆ ಆ ಹುಡುಗ ಹೇಳ್ತಾನೆ, 'ಕಲೆ ಎಲ್ಲ ಅಳಿಸಿದೀನಿ ಅಮ್ಮಾ, ಎಷ್ಟು ಲಕ್ಷಣವಾಗಿ ಕಾಣ್ತಾರೆ ನೋಡಿ' ಅಂತ. ನನ್ನ ಮಗಳು ಇನ್ನೊಂದು ಸಲ ಸತ್ತ ಹಾಗಾಯ್ತು. ಪೆನ್ನು ಬಿಸಾಕಿ ಕೈಗೆ ಸಿಕ್ಕಿದ್ದು ತಗೊಂಡೆ. ಏನೋ ಹೇಳೋಕೆ ಬಂದ. ನಾನು ಕೇಳಲಿಲ್ಲ."

ಮಹಿಳಾ ಕಾನ್‌ಸ್ಟೇಬಲ್ ಅವಳನ್ನು ಜೀಪಿಗೆ ಹತ್ತಿಸಿದಳು.

ಸಂಜೆ ಕಂಪ್ಯೂಟರ್ ವಶಕ್ಕೆ ಪಡೆಯುವಾಗ ಇನ್‌ಸ್ಪೆಕ್ಟರ್ ಮಾಲೀಕನಿಂದ ಆ ಪೋಸ್ಟರಿನ ಫೈಲು ತೆರೆಸಿದರು. "ಕಲೆ ಯಾಕಯ್ಯ ತೆಗೆದ?"

"ಮುಖ ಸಿಕ್ಕಿದ್ರೆ ಕಲೆ ತೆಗೆಯೋದು ಅವನ ಕೈಗೆ ಅಂಟಿದ ಅಭ್ಯಾಸ ಸಾರ್. ಮದುವೆ ಕಾರ್ಡಿನವರು ಅದನ್ನೇ ಕೇಳ್ತಾರಲ್ಲ. ಆದ್ರೆ ಮೂಲ ಚಿತ್ರ ಮುಟ್ಟೋನೇ ಅಲ್ಲ. ಅದರ ಮೇಲೆ ಇನ್ನೊಂದು ಪದರ ಹಾಸಿ, ಅದರಲ್ಲೇ ಮುಚ್ಚೋನು. ಗಿರಾಕಿ ಬೇಡ ಅಂದ್ರೆ ಪದರ ತೆಗೆದ್ರಾಯ್ತು."

"ತೆಗಿ."

ಮಾಲೀಕ ಒಂದು ಗುಂಡಿ ಒತ್ತಿದ. ನುಣುಪು ಕೆನ್ನೆಯ ಮೇಲೆ ನಾಲ್ಕು ಬೆರಳು ನೀಲಿಯಾಗಿ ಎದ್ದವು. ಒಂದು ಬೆರಳಿನ ಬುಡದಲ್ಲಿ, ಚರ್ಮ ಸೀಳಿದ ಕಡೆ, ಪುಟ್ಟ ಚೌಕದ ಗುರುತು. ಇನ್‌ಸ್ಪೆಕ್ಟರಿಗೆ ತನ್ನ ಮೇಜಿನ ಗಾಜಿನ ಮೇಲಿನ ಟಕ್ ಟಕ್ ಸದ್ದು ಕೇಳಿಸಿದಂತಾಯಿತು.

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ ಸಾರ್" ಎಂದು ದಫೇದಾರ ತನ್ನಷ್ಟಕ್ಕೆ ಗೊಣಗಿದ. ಅಳಿಯನನ್ನು ಕರೆತರಲು ಇನ್‌ಸ್ಪೆಕ್ಟರ್ ಅವನನ್ನೇ ಕಳಿಸಿದರು. ಅಪಘಾತವೆಂದು ಮುಚ್ಚಿದ್ದ ಆ ಮಗಳ ಸಾವಿನ ಪ್ರಕರಣವನ್ನು ಮತ್ತೆ ತೆರೆಯಬೇಕಿತ್ತು.

ಠಾಣೆಗೆ ಮರಳಿ ಅವರು ಲಾಕಪ್ಪಿನ ಮುಂದೆ ಬಂದರು. ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಆ ತಾಯಿಗೆ ತಿಳಿಯದೆ ಹೋಗುವುದು ನ್ಯಾಯವೆನಿಸಲಿಲ್ಲ.

"ಫೋಟೋ ಸಿಕ್ತು ಅಮ್ಮಾ. ಆ ಹುಡುಗ ಮೂಲ ಹಾಗೇ ಇಟ್ಟಿದ್ದ. ಕಲೆ ಇದೆ. ಉಂಗುರದ ಗುರುತೂ ಇದೆ."

ಅವಳ ಮುಖ ಒಮ್ಮೆ ಬೆಳಗಿತು. ಆಮೇಲೆ ನಿಧಾನವಾಗಿ ಆರಿಹೋಯಿತು.

"ಅದನ್ನೇ ಹೇಳೋಕೆ ಬಂದಿದ್ನಾ ಅವನು?"

ಇನ್‌ಸ್ಪೆಕ್ಟರ್ ಹೌದೆಂದು ತಲೆಯಾಡಿಸಿದರು.

"ಆ ಹುಡುಗನಿಗೆ ತಾಯಿ ಇದಾಳಾ?"

"ಇದಾರೆ" ಎಂದರು. "ಹೊರಗೆ ಬೆಂಚಿನ ಮೇಲೆ ಕೂತಿದಾರೆ."