ಹತ್ತು ಗಂಟೆಯ ನೆರಳು

ಚಳಿ ಹಿಂದೆ ಸರಿದು, ಬಿಸಿಲು ಇನ್ನೂ ಹದವಾಗಿದ್ದ ಕಾಲ. ಬೆಳಿಗ್ಗೆ ಹತ್ತು ಗಂಟೆ. ಇದೆಲ್ಲ ಶುರುವಾದದ್ದು ಆ ಹೊತ್ತಿನಲ್ಲಿ.

ಮಕ್ಕಳ ಆಸ್ಪತ್ರೆ ಕಟ್ಟಬೇಕಿದ್ದ ಖಾಲಿ ಸೈಟಿನ ನಡುವೆ ಒಬ್ಬ ಹುಡುಗಿ ಮೊಣಕಾಲೂರಿ ಕೂತಿದ್ದಳು. ನೆಲಕ್ಕೆ ಒಂದು ಕೋಲು ನೆಟ್ಟು, ಅದರ ನೆರಳಿನ ತುದಿಗೆ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದಳು.

"ರೀ! ಯಾರ್ರೀ ನೀವು? ನಮ್ಮ ಸೈಟಲ್ಲಿ ಏನು ಮಾಟ ಮಾಡ್ತಿದ್ದೀರಿ?"

ತಲೆಯೆತ್ತಿದಳು. ಕಂಕುಳಲ್ಲಿ ನಕ್ಷೆಯ ಸುರುಳಿ, ಹೊಸ ಬೂಟಿನ ತುಂಬ ಧೂಳು, ಹುಬ್ಬು ಗಂಟಿಕ್ಕಿದ ಒಬ್ಬ ಗಂಡಸು!

"ನೆರಳು ಬರ್ಕೊಳ್ತಿದ್ದೀನಿ."

"ನೆರಳಾ?"

"ಹೂಂ. ಆಸ್ಪತ್ರೆಯ ಚಿತ್ರ ಮಾಡೋಳು ನಾನೇ. ಹತ್ತು ಗಂಟೆಗೆ ವಾರ್ಡಿನೊಳಗೆ ಬಿಸಿಲು ಎಲ್ಲಿ ಬೀಳುತ್ತೆ ಅಂತ ಗೊತ್ತಾಗ್ಬೇಕಲ್ಲ."

ಅವನು ನಕ್ಕುಬಿಟ್ಟ. "ಅದಕ್ಕೆ ಕೋಲ್ಯಾಕೆ? ಕಂಪ್ಯೂಟರಲ್ಲೇ ಸೂರ್ಯ ಇದಾನೆ! ತಿಂಗಳು, ಗಂಟೆ ಹಾಕಿದ್ರೆ ತಾನಾಗೇ ಬರ್ತಾನೆ."

"ಬರ್ತಾನೆ. ಆದ್ರೆ ಪಕ್ಕದಲ್ಲಿ ಆ ನೀರಿನ ಟ್ಯಾಂಕ್ ಇರೋದು ಅವನಿಗೆ ಗೊತ್ತಿಲ್ಲ."

ಅವಳು ಬೆರಳು ತೋರಿಸಿದ ಕಡೆ ಅವನು ತಿರುಗಿದ. ಟ್ಯಾಂಕಿನ ನೆರಳು ಸೈಟಿನ ಒಂದು ಮೂಲೆಯನ್ನು ನುಂಗಿ ಕೂತಿತ್ತು. ಅದೇ ಮೂಲೆಯಲ್ಲಿ ಅವನು ಪುಟ್ಟ ಮಕ್ಕಳ ಹಾಸಿಗೆಗಳನ್ನು ಇಟ್ಟಿದ್ದ, ನಕ್ಷೆಯಲ್ಲಿ.

ಅವನ ನಗು ಮೆಲ್ಲಗೆ ಇಳಿಯಿತು.

"ಸುಣ್ಣ ಇನ್ನೂ ಇದೆಯಾ? ಕೊಡಿ. ಆ ಕಡೆ ಗೆರೆ ನಾನೆಳೀತೀನಿ."

ಅವನು ಆಫೀಸಿಗೆ ಹೊಸದಾಗಿ ಬಂದ ಆರ್ಕಿಟೆಕ್ಟ್. ಐದು ವರ್ಷ ಕಾಲೇಜಿನಲ್ಲಿ ಓದಿ ಪದವಿ ಪಡೆದವನು. ಅವಳು ಅದೇ ಆಫೀಸಿನ ಕಿಟಕಿ ಪಕ್ಕದ ಮೇಜಿನವಳು. ಕಟ್ಟಡ ಏಳುವ ಮೊದಲೇ, ಅದು ಎದ್ದು ನಿಂತಂತೆ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುವುದು ಅವಳ ಕೆಲಸ. ನಕ್ಷೆ ಓದಲು ಬಾರದವರು ಆ ಚಿತ್ರ ನೋಡಿಯೇ ಹೂಂ ಅನ್ನುತ್ತಿದ್ದರು, ಊಹೂಂ ಅನ್ನುತ್ತಿದ್ದರು.

ಮರುದಿನದಿಂದ ಅವನು ಅವಳನ್ನು "ನೆರಳಮ್ಮ" ಎಂದು ಕರೆಯತೊಡಗಿದ. ಆಫೀಸಿಗೆ ಆಫೀಸೇ ಹಾಗೆ ಕರೆಯಿತು. ಬೇರೆಯವರು ಕರೆದರೆ ಅವಳು ಗದರುತ್ತಿದ್ದಳು. ಅವನು ಕರೆದಾಗ ಮಾತ್ರ ಓಗೊಡುತ್ತಿದ್ದಳು...

ಸೈಟಿಗೆ ಇಬ್ಬರೂ ಜೊತೆಯಾಗಿ ಹೋಗುವುದು ರೂಢಿಯಾಯಿತು. ಕೋಲು ಹೊರುವ ಕೆಲಸ ಅವನದು.

"ಇದನ್ನೆಲ್ಲ ಯಾರು ಕಲಿಸಿದ್ರು ನಿಮಗೆ?"

"ನಮ್ಮಪ್ಪ. ಗಾರೆ ಕೆಲಸ ಮಾಡ್ತಿದ್ರು. ಗೋಡೆ ಮುಗಿದ ಮೇಲೆ ದೀಪಾನ ಗೋಡೆಗೆ ತಾಗಿಸಿ ಹಿಡಿಯೋರು. ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಲ್ಲಾ ಕಾಣ್ಬಿಡೋದು. 'ಬೆಳಕಿಗೆ ಸುಳ್ಳು ಹೇಳೋಕೆ ಬರಲ್ಲ ಮಗಾ' ಅನ್ನೋರು."

"ಮತ್ತೆ ಓದಿದ್ದು? ಯಾವ ಕಾಲೇಜು?"

ಅವಳು ಅಳತೆ ಟೇಪಿನ ಇನ್ನೊಂದು ತುದಿ ಎಳೆದಳು. "ಅಯ್ಯೋ, ಟೇಪು ಬಿಗಿಯಾಗಿ ಹಿಡೀರಿ ಸರ್, ಜೋತು ಬಿದ್ದಿದೆ ನೋಡಿ!"

ಮಾತು ಹಾರಿಸಿಬಿಟ್ಟಳು.

ಕಾಲೇಜು ಎಲ್ಲಿಂದ ಬರಬೇಕು? ಹತ್ತನೇ ಕ್ಲಾಸಿನ ವರ್ಷ ಅಪ್ಪ ತೀರಿಕೊಂಡರು. ಆಮೇಲೆ ಕಲಿತದ್ದೆಲ್ಲ ಜೆರಾಕ್ಸ್ ಅಂಗಡಿಯ ಹಳೆ ಕಂಪ್ಯೂಟರಿನ ಮುಂದೆ ಕೂತು, ನೋಡಿ ನೋಡಿ. ಆಫೀಸಿನ ಯಜಮಾನರು ಸೇರಿಸಿಕೊಳ್ಳುವಾಗ ಅವಳ ಚಿತ್ರಗಳನ್ನಷ್ಟೇ ನೋಡಿದ್ದರು. ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

'ಇವನಿಗೆ ಹೇಳಿಬಿಡಬೇಕು' ಎಂದು ದಿನಾ ಅಂದುಕೊಳ್ಳುತ್ತಿದ್ದಳು. 'ಹೇಳಿದ ಮೇಲೆ ಹೀಗೇ ನೋಡುತ್ತಾನಾ?' ಎಂಬ ಪ್ರಶ್ನೆ ದಿನಾ ಬಾಯಿ ಮುಚ್ಚಿಸುತ್ತಿತ್ತು.

ಎರಡು ತಿಂಗಳು ಕಳೆಯಿತು. ಚಿತ್ರ ಮುಗಿದು, ದೊಡ್ಡದಾಗಿ ಅಚ್ಚಾಗಿ ಆಸ್ಪತ್ರೆಯವರಿಗೆ ಹೋಯಿತು.

ಸೋಮವಾರ ಅಲ್ಲಿಂದ ಪತ್ರ ಬಂತು. ಯಜಮಾನರು ಎಲ್ಲರ ಮುಂದೆಯೇ ಓದಿದರು. ಬೆಳಗಿನ ಬಿಸಿಲು ಬರುವ ಕಡೆ ಚಿತ್ರದಲ್ಲಿ ಗೋಡೆ ಇದೆ, ಗೋಡೆ ಇರಬೇಕಾದ ಕಡೆ ಬಿಸಿಲಿದೆ, ಈ ಚಿತ್ರ ನಂಬಿ ಕಟ್ಟಿಸುವುದು ಹೇಗೆ... ಚಿತ್ರ ಮಾಡಿದವರ ವಿದ್ಯಾರ್ಹತೆಯ ಪ್ರಮಾಣಪತ್ರದ ಪ್ರತಿ ಕಳುಹಿಸಿ.

ಅವಳು ಪತ್ರದ ಕಡೆಗೇ ನೋಡಿದಳು. ಬಿಸಿಲು ತಪ್ಪಿತೇ? ತನ್ನ ಕೈಯಲ್ಲಿ?

ಮಧ್ಯಾಹ್ನ ಅವನು ಮೇಜಿನ ಹತ್ತಿರ ಬಂದ. ಅವಳ ಮುಖ ನೋಡದೆ ಕೇಳಿದ.

"ನಿಮ್ಮ ಸರ್ಟಿಫಿಕೇಟ್ ಒಂದು ಕೊಡ್ತೀರಾ? ಯಜಮಾನರು ಕೇಳ್ತಿದ್ದಾರೆ."

'ಇವನಿಗೂ ನನ್ನ ಮೇಲೆ ನಂಬಿಕೆ ಇಲ್ಲ! ಎರಡು ತಿಂಗಳು ಕೋಲು ಹೊತ್ತವನಿಗೂ!'

"ನಾಳೆ ತರ್ತೀನಿ ಸರ್," ಎಂದಳು.

ಮಂಗಳವಾರ ಸರ್ಟಿಫಿಕೇಟಿನ ಬದಲು ಅವನ ಮೇಜಿನ ಮೇಲೆ ಒಂದು ಚೀಟಿ ಇತ್ತು.

"ನಾನು ಹತ್ತನೇ ಕ್ಲಾಸ್ ಅಷ್ಟೇ ಸರ್. ಹೇಳದೆ ಇದ್ದದ್ದು ನನ್ನ ತಪ್ಪು. ಕೆಲಸ ಬಿಡುತ್ತಿದ್ದೇನೆ."

ಪಕ್ಕದ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಣ್ಣನಿಗೆ ಅಮ್ಮ ಫೋನ್ ಮಾಡಿದರು. ಅಣ್ಣ ಶುಕ್ರವಾರ ಬಂದಿಳಿದ.

"ಹತ್ತನೇ ಕ್ಲಾಸಿಗೆ ಇಷ್ಟು ದಿನ ನಡೆದಿದ್ದೇ ದೊಡ್ಡದು ಪುಟ್ಟಿ. ನಡಿ ನನ್ನ ಜೊತೆ. ಅಂಗಡೀಲಿ ಬಟ್ಟೆ ಅಳೆದು ಕೊಟ್ಕೊಂಡು ಆರಾಮಾಗಿರು."

ಅವಳು ಚೀಲಕ್ಕೆ ಬಟ್ಟೆ ತುಂಬಿದಳು. ಮನೆಯಲ್ಲಿದ್ದ ತನ್ನ ಕಂಪ್ಯೂಟರಿನ ಮೇಲೆ ಹಳೆ ದುಪಟ್ಟಾ ಹೊದಿಸಿದಳು. ಅದನ್ನು ನೋಡಿ ಅಮ್ಮ ಮುಖ ಆಚೆ ತಿರುಗಿಸಿಕೊಂಡರು.

ಸಂಜೆ ಐದರ ಹೊತ್ತಿಗೆ ಬಾಗಿಲು ಬಡಿದ ಸದ್ದು.

ಅಣ್ಣ ತೆರೆದ. "ಯಾರ್ರೀ ನೀವು?"

ಹೊಸ್ತಿಲಾಚೆ ಅವನು! ಒಂದು ಕೈಯಲ್ಲಿ ಅಚ್ಚಾದ ಚಿತ್ರದ ಸುರುಳಿ, ಇನ್ನೊಂದರಲ್ಲಿ ಅದೇ ಕೋಲು.

"ನಿಮ್ಮ ತಂಗಿ ಹತ್ರ ಒಂದು ತಪ್ಪು ಒಪ್ಕೋಬೇಕಿತ್ತು."

ಒಳಗೆ ಬಂದವನು ಕೂರಲೂ ಇಲ್ಲ. ಚಿತ್ರವನ್ನು ನೆಲದ ಮೇಲೆ ಬಿಡಿಸಿದ. ಅವಳು ಬಗ್ಗಿ ನೋಡಿದಳು. ಅಚ್ಚಾಗಿ ಹೋದದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಇದು... ನನ್ನ ಚಿತ್ರ ಅಲ್ಲ! ಬಾಗಿಲು ಎಡಕ್ಕೆ ಬಂದಿದೆ. ಟ್ಯಾಂಕೂ ಆ ಕಡೆ ಹೋಗಿದೆ. ಯಾರೋ ಎಡಬಲ ಮಗುಚಿ ಹಾಕಿದ್ದಾರೆ!"

"ಯಾರೋ ಅಲ್ಲ. ನಾನು."

ಅವನು ಎಡಕ್ಕೆ ಬಂದ ಬಾಗಿಲಿನ ಮೇಲೆ ಬೆರಳಿಟ್ಟ.

"ಅಚ್ಚಿಗೆ ಕಳ್ಸೋ ಮುಂಚೆ, ಬಾಗಿಲು ಎಡಕ್ಕಿದ್ರೆ ಚೆಂದ ಅನ್ನಿಸ್ತು. ಒಂದೇ ಒತ್ತು, ಚಿತ್ರ ಮಗುಚಿಕೊಳ್ತು. ಸೂರ್ಯನೂ ಜೊತೆಗೆ ಮಗುಚ್ಕೋತಾನೆ ಅನ್ನೋದು ತಲೆಗೇ ಹೋಗ್ಲಿಲ್ಲ. ಸೋಮವಾರ ಪತ್ರ ಓದಿದಾಗ್ಲೂ ಹೊಳೀಲಿಲ್ಲ. ನಿಮ್ಮ ಚೀಟಿ ನೋಡಿದ ಮೇಲೆ ನಿಮ್ಮ ಮೂಲ ಚಿತ್ರ ತೆಗೆದೆ..." ಅವನ ದನಿ ಸಣ್ಣದಾಯಿತು. "ಐದು ವರ್ಷ ಓದಿದೋನು ಮಾಡಿದ ಕೆಲಸ ಇದು."

"ಮುಂದೆ?" ಎಂದ ಅಣ್ಣ.

"ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮನ್ನ ಇವತ್ತು ಹತ್ತು ಗಂಟೆಗೆ ಸೈಟಿಗೆ ಕರ್ಕೊಂಡ್ಹೋದೆ. ಕೋಲು ನೆಟ್ಟೆ, ಮೂಲ ಚಿತ್ರ ಕೈಗೆ ಕೊಟ್ಟೆ. ನೆರಳು ಯಾವ ಕಡೆ ಬೀಳುತ್ತೆ ಅಂತ ಹೋಲಿಸಿ ನೋಡಿದ್ರು. ನಿಮ್ಮ ಓದು ಎಷ್ಟು ಅನ್ನೋದನ್ನೂ ಹೇಳ್ಬಿಟ್ಟೆ. ಅವರು ಏನಂದ್ರು ಗೊತ್ತಾ? 'ನಕ್ಷೆಗೆ ಸಹಿ ಹಾಕೋರು ಓದಿರ್ಲಿ. ಚಿತ್ರ ಮಾಡೋರು ನೋಡಿರ್ಲಿ, ಅಷ್ಟು ಸಾಕು.'"

ಅವಳು ಉಸಿರು ಬಿಟ್ಟಳು. ಸೋಮವಾರದಿಂದ ಹಿಡಿದಿಟ್ಟಿದ್ದ ಉಸಿರು! ಕಣ್ಣು ತಾನಾಗಿ ತುಂಬಿತು. ಇನ್ನು ಬಚ್ಚಿಡುವುದು ಏನೂ ಉಳಿದಿರಲಿಲ್ಲ.

ಅಣ್ಣ ಇನ್ನೂ ಬಿಡಲಿಲ್ಲ. "ನಾಳೆ ಇನ್ನೊಬ್ರು ಕೇಳಿದ್ರೆ? ಸರ್ಟಿಫಿಕೇಟ್ ಅಂದ್ರೆ?"

"ಕೇಳ್ತಾರೆ ಅಣ್ಣಾವ್ರೇ. ಕೆಲವರು ಬಾಗಿಲಲ್ಲೇ ತಡೀತಾರೆ, ಸುಳ್ಳು ಹೇಳಲ್ಲ. ಆದ್ರೆ ಚಿತ್ರ ನೋಡಿ ಒಳಗೆ ಕರೆಯೋರೂ ಇದ್ದಾರೆ. ನಮ್ಮ ಯಜಮಾನರೇ ಇಲ್ವಾ? 'ಆ ಮೇಜು ಖಾಲಿ ಇದ್ರೆ ನನ್ನ ಆಫೀಸು ಕುರುಡು, ಕರ್ಕೊಂಡು ಬಾ' ಅಂತ ಬೈದು ಕಳ್ಸಿದ್ದಾರೆ."

ಅಮ್ಮ ಕಂಪ್ಯೂಟರಿನ ಮೇಲಿನ ದುಪಟ್ಟಾ ತೆಗೆದು ಮಡಚಿದರು. ಮಗನ ಕಡೆ ತಿರುಗಿದರು. "ನಿಮ್ಮಪ್ಪನ ಗೋಡೆಗಳು ಇವತ್ತಿಗೂ ನಿಂತಿವೆ ಕಣೋ. ಅವರ ಹತ್ರ ಯಾವ ಕಾಗದ ಇತ್ತು?"

ಅಣ್ಣ ತಲೆ ಕೆರೆದುಕೊಂಡ. "ನಾನೇನು ಬೇಡ ಅಂದ್ನಾ? ಬಾರಮ್ಮ, ಟೀ ಇಡೋಣ." ಅಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋದ.

ಇಬ್ಬರೇ ಉಳಿದರು.

"ಸೋಮವಾರ ಮುಖ ಕೊಟ್ಟು ಮಾತಾಡ್ಲಿಲ್ಲ ನೀವು," ಎಂದಳು.

"ಸರ್ಟಿಫಿಕೇಟ್ ಕೇಳೋಕೆ ನಾಚಿಕೆ ಆಗಿತ್ತು. ನಿಮ್ಮನ್ನ ಅಳೆಯೋಕೆ ನಾನ್ಯಾರು ಅಂತ."

"ನಾನು ಬೇರೆ ಏನೋ ಅಂದ್ಕೊಂಡು ನಾಲ್ಕು ದಿನ ಅತ್ತೆ."

"ಅದಕ್ಕೆ ಏನು ಶಿಕ್ಷೆ ನನಗೆ?"

"ಕೋಲು ಹೊರೋದು."

"ಎಷ್ಟು ದಿನ?"

ಅವಳು ಕೋಲನ್ನು ಅವನ ಕೈಯಿಂದ ತೆಗೆದುಕೊಂಡು, ತಿರುಗಿ ಅವನ ಕೈಗೇ ಇಟ್ಟಳು. ಬೆರಳನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

"ಸೂರ್ಯ ಹುಟ್ಟೋದು ನಿಲ್ಲೋ ತನಕ..."

"ನೆರಳಮ್ಮಾ..."

"ಹೂಂ?"

"ಏನಿಲ್ಲ. ಓಗೊಡ್ತೀರಾ ಅಂತ ನೋಡ್ದೆ."

ಮರುದಿನ ಶನಿವಾರ. ಬೆಳಗಿನ ಬಸ್ಸಿಗೆ ಹೊರಟವನು ಅಣ್ಣ ಒಬ್ಬನೇ.