ಹೊಸ್ತಿಲ ಕೆಂಪು ಹೂಜಿ

"ನಿಮ್ಮಮ್ಮ ಹೆತ್ತಿದ್ದು ಒಬ್ಬನ್ನೇ ಕಣೋ. ನೀನು ಬರೀ ಹೆರಿಗೆ ನೋವು!"

ಕುಂಬಾರಗಿತ್ತಿ ಸನೀಯಾ ಹಾಗೆಂದದ್ದೇ ತಡ, ಅವಳ ಅಂಗಳದಲ್ಲಿ ಚಹಾ ಕುಡಿಯುತ್ತ ಕೂತಿದ್ದ ಗುರ್ನಾ ಹಳ್ಳಿಯ ಏಳೆಂಟು ಗಂಡಸರು ಹೋ ಎಂದು ನಕ್ಕರು. ಒಬ್ಬನಂತೂ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ನಬೀಹನ ಹೊಳೆಯುವ ಬೂಟಿನ ಮೇಲೇ ಉಗಿದ.

ನಬೀಹನ ಕಿವಿ ಕಾದು ಕೆಂಪಾದವು. ಹದಿಮೂರು ಗಂಟೆ ರೈಲಿನಲ್ಲಿ ನಿಂತು ಕೈರೋದಿಂದ ಬಂದವನು ಅವನು. ಅಲ್ಲಿ ಅಮ್ಮ ಹಾಸಿಗೆ ಹಿಡಿದು ಹದಿನೆಂಟು ದಿನ. ಗುಟುಕು ನೀರು ಇಳಿಯುತ್ತಿಲ್ಲ, ಆದರೆ ಕಿರಿಯ ಮಗನ ಹೆಸರು ಮಾತ್ರ ಗಂಟಲು ಬಿಟ್ಟು ಕದಲುತ್ತಿಲ್ಲ. ಶಾಜ್ಲಿ. ಶಾಜ್ಲಿ. ಅವನನ್ನು ನೋಡದೆ ಕಣ್ಣು ಮುಚ್ಚಲೊಲ್ಲಳು. ಆ ಶಾಜ್ಲಿಯೋ, ಎರಡು ವರ್ಷದ ಹಿಂದೆ ಅಣ್ಣನ ಹೊಡೆತ ತಾಳಲಾರದೆ ಮನೆ ಬಿಟ್ಟವನು, ಇಲ್ಲಿ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಮಣ್ಣು ತುಳಿಯುತ್ತಿದ್ದ.

"ಬರ್ತೀನಿ," ಎಂದ ಶಾಜ್ಲಿ, ಅಣ್ಣನ ಮುಖ ನೋಡದೆ. "ಅಮ್ಮನಿಗೋಸ್ಕರ. ನಿನಗೋಸ್ಕರ ಅಲ್ಲ." ಕಾಲು ತೊಳೆಯಲು ಹಿತ್ತಲಿಗೆ ಹೋದ.

ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಹೂಜಿ ಇತ್ತು. ಒಣಗಿದ ನೆತ್ತರಿನ ಬಣ್ಣ. ಮೈತುಂಬ ಯಾರಿಗೂ ಓದಲು ಬಾರದ ಗೀರುಗಳು. ಬಾಯಾರಿದ ನಬೀಹ ಅದಕ್ಕೆ ಕೈ ಚಾಚಿದ. ಸನೀಯಾ ಅವನ ಮುಂಗೈ ಹಿಡಿದುಬಿಟ್ಟಳು. ಅವಳ ನಗೆ ಇಂಗಿಹೋಗಿತ್ತು.

"ಅದನ್ನ ಮುಟ್ಬೇಡ."

"ಯಾಕೆ ಖಾಲಾ? ಫರೋಹನ ಅಜ್ಜಿ ಎಂಜಲು ಮಾಡಿ ಇಟ್ಟಿದ್ದಾ?"

"ಬೆಟ್ಟದ ಹೊಟ್ಟೆಯೊಳಗಿನ ಹಳೇ ಗೋರಿಲಿ ಸಿಕ್ಕಿದ್ದು. ಹೊಸ್ತಿಲು ದಾಟಿದೋರ ಬೆನ್ನ ಹಿಂದೆ ಅದು ಒಡೆದ್ರೆ, ಅವರು ಮತ್ತೆ ಯಾರಿಗೂ ಸಿಗಲ್ಲ. ಎರಡಿದ್ವು. ಒಂದನ್ನ ಜಗಳವಾಡಿ ಹೊರಟ ಗಂಡನ ಬೆನ್ನ ಹಿಂದೆ ನಾನೇ ಒಡೆದೆ. ಮೂವತ್ತು ವರ್ಷ ಆಯ್ತು." ಅವಳು ಬೆಟ್ಟದ ಕಡೆ ಗದ್ದ ಚಾಚಿದಳು. "ಇನ್ನೂ ನಡೀತಾನೇ ಇದಾನೆ. ಇದನ್ನ ಎಸೆಯೋಕೂ ಭಯ. ಎಸೆದ್ರೆ ಒಡೆಯುತ್ತಲ್ಲ."

ನಬೀಹ ಗಹಗಹಿಸಿದ. "ಬೇಡದ ನೆಂಟ ಹೊರಟ್ರೆ ಕೈರೋದಲ್ಲಿ ನಮ್ಮತ್ತೇನೂ ಹೂಜಿ ಒಡೀತಾಳೆ. ಮಾರನೇ ದಿನ ಊಟದ ಹೊತ್ತಿಗೆ ನೆಂಟ ಹಾಜರ್!"

ಈ ಸಲ ಯಾರೂ ನಗಲಿಲ್ಲ.

ಶಾಜ್ಲಿ ಗಂಟು ಹಿಡಿದು ಬಂದ. ಸನೀಯಾಳ ನೆತ್ತಿಗೆ ಮುತ್ತಿಟ್ಟ. ಹೊಸ್ತಿಲು ದಾಟಿದ. "ಬೇಗ ಬಾ ಅಣ್ಣಾ, ದೋಣಿ ತಪ್ಪುತ್ತೆ."

ನಬೀಹ ಎರಡು ಹೆಜ್ಜೆ ಹಿಂದಿದ್ದ. ಬೆನ್ನ ಹಿಂದಿನಿಂದ ಬೀಜ ಉಗಿದವನ ದನಿ ಬಂತು: "ಹೆರಿಗೆ ನೋವು ಹೊರಡ್ತು ನೋಡ್ರೋ!"

ಮತ್ತೆ ನಗೆ. ನಬೀಹನ ತಲೆಗೆ ರಕ್ತ ನುಗ್ಗಿತು. ಗೂಡಿನಿಂದ ಹೂಜಿ ಕಿತ್ತುಕೊಂಡ. "ಇನ್ನು ಈ ಹೊಲಸು ಅಂಗಳಕ್ಕೆ ಕಾಲಿಟ್ಟರೆ ಕೇಳಿ! ನನ್ನ ಬೆನ್ನಿಗೆ ನಾನೇ ಒಡೀತೀನಿ, ತಗೊಳ್ಳಿ!"

ಹೊಸ್ತಿಲಿಗೆ ಅಪ್ಪಳಿಸಿದ.

ಹೂಜಿ ಚೂರಾದರೂ ಸದ್ದಾಗಲಿಲ್ಲ. ವಾಸನೆ ಬಂತು. ಸಾವಿರಾರು ವರ್ಷ ಉಸಿರಾಡದ ಮಣ್ಣಿನ ವಾಸನೆ, ಧೂಪ, ಅದರಡಿ ಕೊಳೆತದ್ದೇನೋ. ಮಡಕೆ ಸುಡುವ ಆವಿಗೆಯ ಚಿಟಿಚಿಟಿ ನಿಂತಿತು. ಬೀದಿಯ ಕತ್ತೆ ಬಾಯಿ ತೆರೆದಿತ್ತು, ಅರಚು ಕೇಳಲಿಲ್ಲ.

"ನೀನಿನ್ನೂ ಒಳಗೇ ಇದೀಯಲ್ಲೋ ಪಾಪಿ," ಸನೀಯಾ ಪಿಸುಗುಟ್ಟಿದಳು. "ಆಚೆ ಹೋದೋನು ಯಾರು?"

ನಬೀಹ ಹೊರಗೆ ಹಾರಿದ. ಎಡಕ್ಕೆ ಕಬ್ಬಿನ ಗದ್ದೆ, ನದಿ, ದೋಣಿ. ಶಾಜ್ಲಿ ಬಲಕ್ಕೆ ತಿರುಗಿದ್ದ. ಬೆಟ್ಟದ ಕಡೆಗೆ. ಅದರಾಚೆ ಬರೀ ಮರಳು.

"ಶಾಜ್ಲೀ!"

ನಡು ಮಧ್ಯಾಹ್ನ. ಬಿಸಿಲು ನೆತ್ತಿ ಸೀಳುತ್ತಿತ್ತು. ತಮ್ಮ ನಡೆಯುತ್ತಿದ್ದ. ಅಣ್ಣ ಓಡುತ್ತಿದ್ದ. ಅಂತರ ಕರಗಲೊಲ್ಲದು. ಬೂಟು ಕಳಚಿತು. ಅಂಗಾಲು ಸುಟ್ಟಿತು. ಬಿದ್ದ. ಎದ್ದ. ಕೊನೆಗೊಮ್ಮೆ ಭುಜ ಸಿಕ್ಕಿತು. ಹಿಡಿದ.

ತಣ್ಣಗಿತ್ತು. ಹಸಿಯಾಗಿತ್ತು. ಬೆರಳು ಒಳಗಿಳಿದವು. ಕೈ ಕಿತ್ತುಕೊಂಡ. ಐದು ಗುಳಿ ಹಾಗೇ ಉಳಿದವು. ಸುಡದ ಮಡಕೆಯಲ್ಲಿ ಉಳಿದ ಹಾಗೆ.

ಮುಂದೆ ಹೋಗಿ ಮುಖ ನೋಡಿದ. ಒದ್ದೆ ಅಂಗೈಯಿಂದ ಯಾರೋ ಸವರಿ ನುಣ್ಣಗೆ ಮಾಡಿದ್ದರು. ಕಣ್ಣಿದ್ದಲ್ಲಿ ಎರಡು ಹೆಬ್ಬೆರಳ ಗುರುತು. ಬಾಯಿ ಇತ್ತು. ತೆರೆಯುವ ಬಾಯಲ್ಲ.

ಜೇಬಿನಲ್ಲಿ ಫೋನು ನಡುಗಿತು. ತೆಗೆದು ಕಿವಿಗಿಟ್ಟ. ಕೈರೋದಲ್ಲಿ ಪಕ್ಕದ ಮನೆಯವಳು ತನ್ನ ಫೋನನ್ನು ಅಮ್ಮನ ಬಾಯಿಗೆ ಹಿಡಿದಿದ್ದಳೇನೋ. ಹದಿನೆಂಟು ದಿನದಲ್ಲಿ ಮೊದಲ ಸಲ ಅಮ್ಮನ ದನಿ ಸ್ಪಷ್ಟವಾಗಿತ್ತು.

"ಸಿಕ್ಕಿದನಾ ನಬೀಹಾ, ನನ್ನ ಕಂದ? ಒಂದೇ ಒಂದ್ಸಲ 'ಅಮ್ಮಾ' ಅನ್ನಿಸೋ. ಸಾಕು ನನಗೆ."

ನಬೀಹ ಮಂಡಿಯೂರಿದ. ಇದುವರೆಗೆ ಯಾರ ಮುಂದೆಯೂ ಊರದ ಮಂಡಿ. ಫೋನನ್ನು ತಮ್ಮನ ಕಡೆ ಚಾಚಿ ಹಿಡಿದ.

"ಅಮ್ಮ ಕಣೋ. ನನ್ನ ಬಿಟ್ಟಾಕು. ಹೊಡೆದಿದ್ದಕ್ಕೆ ಬೇಕಿದ್ರೆ ನನ್ನ ಸಾಯಿಸು. ಅಮ್ಮನಿಗೊಂದು ಮಾತು ಹೇಳೋ."

"ಶಾಜ್ಲಿ..." ಎಂದಿತು ಫೋನು. "ಶಾಜ್ಲಿ, ಇದೀಯೇನೋ?"

ಶಾಜ್ಲಿ ನಿಂತ. ಕತ್ತು ಒಂದಿಷ್ಟು ಓರೆಯಾಯಿತು, ದೂರದಲ್ಲಿ ಯಾರೋ ಯಾರನ್ನೋ ಕರೆದದ್ದು ಕೇಳಿದಂತೆ. ಬೆಟ್ಟದ ನೆತ್ತಿಯ ಮೇಲೆ, ಹರಕು ನಿಲುವಂಗಿಯ ಮುದುಕನೊಬ್ಬ ತಲೆ ತಗ್ಗಿಸಿಕೊಂಡು ಹಾದುಹೋಗುತ್ತಿದ್ದ.

"ಮಾತಾಡೋ, ಕಂದಾ..."

ಶಾಜ್ಲಿ ಆ ಮುದುಕ ಹೋದ ದಾರಿಯಲ್ಲೇ ನಡೆದುಹೋದ.