ಹಿಂದಿನ ಕೊಂಬೆ

ಕಳುವಾಗಿದ್ದು ಒಂದು ಮರ. ಎತ್ತರ ಒಂದೂವರೆ ಅಡಿ.

ಬೆನ್ಸನ್ ಟೌನಿನ ವೆಂಕಟಸುಬ್ಬಯ್ಯನವರ ಜಗಲಿಯಲ್ಲಿ ಕಲ್ಲಿನ ಪೀಠ ಖಾಲಿ ನಿಂತಿತ್ತು. ವಿಮಾ ಕಂಪನಿಯಿಂದ ನಿವೃತ್ತರಾದ ಅವರು ಮೂವತ್ತೊಂದು ವರ್ಷ ಬೋನ್ಸಾಯ್ ಮಾಡಿ ಸಾಕಿದ ದೇವದಾರು ಅದು. ಹಿಮಾಲಯದ ತಂಪಿನ ಮರ. ಬೆಂಗಳೂರಿನ ಬಿಸಿಲಿಗೆ ಉಳಿಯುವುದೇ ಅಪರೂಪ. ಶನಿವಾರ ಬೆಳಿಗ್ಗೆ ಆರಕ್ಕೆ ಅವರು ವಾಕಿಂಗ್ ಹೊರಟಾಗ ಇತ್ತು. ಏಳಕ್ಕೆ ಬಂದಾಗ ಇರಲಿಲ್ಲ.

“ಮಾಲಿ ಪೀರಪ್ಪಂದೇ ಕೆಲ್ಸ ಮೇಡಂ. ಗೇಟಿನ ಕೀ ಮೀಟರ್ ಬಾಕ್ಸಲ್ಲಿ ಇರೋದು ಅವನಿಗೆ ಗೊತ್ತು.”

“ಮರಕ್ಕೆ ಏನಾದ್ರೂ ಗುರುತು ಇದ್ಯಾ?” ಸಬ್ ಇನ್ಸ್‌ಪೆಕ್ಟರ್ ಭಾಗ್ಯಲಕ್ಷ್ಮಿ ಕೇಳಿದಳು.

ಅವರು ತಡವರಿಸಿದರು. “ನಿನ್ನೆ ಸಂಜೆ ಟೀಗೆ ಬಂದೋರೆಲ್ಲ ಹೋದ್ಮೇಲೆ ಟ್ರಿಮ್ ಮಾಡ್ತಿದ್ದೆ. ಕೈ ತಪ್ಪಿ ಹಿಂದಿನ ಕೊಂಬೆ ಕತ್ತರಿಸ್ಬಿಟ್ಟೆ. ಹೆಂಡ್ತಿಗೂ ಹೇಳಿಲ್ಲ. ನಮ್ಮ ಬೋನ್ಸಾಯ್ ಕ್ಲಬ್ಬಲ್ಲಿ ಗೊತ್ತಾದ್ರೆ ಮಾನ ಹೋಗುತ್ತೆ. ದಯವಿಟ್ಟು ಯಾರಿಗೂ ಹೇಳ್ಬೇಡಿ.”

* * *

ಪೀರಪ್ಪ ಎರಡು ದಿನ ಸ್ಟೇಷನ್ನಿನ ಬೆಂಚಿನ ಮೇಲೆ ಕೂತ. ಕೇಳಿದ್ದಕ್ಕೆಲ್ಲ ಒಂದೇ ಉತ್ತರ.

“ಬಿಸಿಲಾಗೆ ದಿನಕ್ಕೆ ಮೂರು ಸಲ ಕುಂಡಕ್ಕೆ ಒದ್ದೆ ಗೋಣಿ ಸುತ್ತುತಿದ್ದೆ ತಾಯಿ. ಜ್ವರ ಬಂದ ಮಗೂನ ನೋಡ್ಕೊಂಡಂಗೆ. ಅದನ್ನ ನಾನ್ಯಾಕೆ ಕದೀಲಿ?”

ಅಷ್ಟರಲ್ಲಿ ಅದೇ ಬೀದಿಯ ನಾಲ್ಕು ಮನೆಯವರು ಅವನಿಗೆ ಇನ್ನು ಬರಬೇಡ ಎಂದು ಹೇಳಿಕಳಿಸಿದ್ದರು. ಹತ್ತೊಂಬತ್ತು ವರ್ಷ ನೀರು ಹಾಕಿದ ಕೈಗೆ ಈಗ ಕೆಲಸವಿಲ್ಲ.

ಭಾಗ್ಯಲಕ್ಷ್ಮಿ ನರ್ಸರಿಗಳನ್ನೆಲ್ಲ ಜಾಲಾಡಿದಳು. ಜೋಗುಪಾಳ್ಯದಲ್ಲಿ ಒಂದು ಸಿಕ್ಕಿತು. ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ತಂದಳು.

ವೆಂಕಟಸುಬ್ಬಯ್ಯ ತಲೆ ಚಚ್ಚಿಕೊಂಡರು. “ಇದು ಸರ್ವೆ ಗಿಡ ಕಣಮ್ಮಾ!”

ಕಾನ್‌ಸ್ಟೇಬಲ್ ಶರಣಬಸವ ಕಿಟಕಿಯತ್ತ ತಿರುಗಿ ನಕ್ಕ. ಸ್ಟೇಷನ್ನಿನಲ್ಲಿ ಆಗಲೇ ಅವಳಿಗೆ ‘ತೋಟಗಾರಿಕೆ ಮೇಡಂ’ ಎಂದು ಹೆಸರು ಬಿದ್ದಿತ್ತು. ಅವಳಿಗೆ ಮೈಯೆಲ್ಲ ಉರಿಯಿತು.

* * *

ಕೊನೆಗೆ ಇಂದಿರಾನಗರ. ಬೋನ್ಸಾಯ್ ಕ್ಲಬ್ಬಿನ ಸ್ಪರ್ಧೆಗಳ ತೀರ್ಪುಗಾರ ಶ್ರೀಹರಿಯ ಮನೆ. ಈ ಮರದಲ್ಲಿ ಅಂಥದ್ದೇನಿದೆ ಎಂದು ತಿಳಿಯಲು ಬಂದಿದ್ದಳು.

“ನೀವು ಕೊನೇ ಸಲ ಯಾವಾಗ ನೋಡಿದ್ರಿ?”

“ಶುಕ್ರವಾರ ನಾಲ್ಕಕ್ಕೆ, ಟೀಗೆ ಹೋದಾಗ. ಆಮೇಲೆ ಇಲ್ಲ.” ಶ್ರೀಹರಿ ತನ್ನದೊಂದು ಆಲದ ಕುಂಡ ತೋರಿಸಿದ. “ನಿಂತು ನೋಡ್ಬಾರ್ದು ಮೇಡಂ. ಬಗ್ಗಿ. ಕಣ್ಣು ಬುಡದ ಮಟ್ಟಕ್ಕೆ ಬರ್ಲಿ.”

ಬಗ್ಗಿದಳು. ಗೇಣುದ್ದದ ಗಿಡ ಊರಮುಂದಿನ ದೊಡ್ಡ ಆಲವಾಯಿತು. ಅರೆಕ್ಷಣ ಕೇಸೇ ಮರೆತುಹೋಯಿತು.

“ಅವನ ದೇವದಾರು ಇದರಪ್ಪನಂಥದ್ದು. ಕೆಳಗಿಂದ ನೋಡಿದ್ರೆ ಬೆಟ್ಟದ ಮೇಲೆ ಗಾಳಿಗೆ ನಿಂತಂಗಿತ್ತು.” ಶ್ರೀಹರಿಯ ದನಿ ಬಿಸಿಯಾಯಿತು. “ಆದ್ರೆ ಆ ಹಿಂದಿನ ಕೊಂಬೆ ಕತ್ತರಿಸ್ಬಾರ್ದಿತ್ತು! ಮರದ ಆಳಾನೇ ಹಾಳ್ಮಾಡ್ಬಿಟ್ಟ, ಮುಠ್ಠಾಳ!”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಭಾಗ್ಯಲಕ್ಷ್ಮಿ ನಿಧಾನವಾಗಿ ನೆಟ್ಟಗಾದಳು. “ನಾಲ್ಕು ಗಂಟೇಲಿ ಆ ಕೊಂಬೆ ಇತ್ತು ಸಾರ್. ಎಲ್ರೂ ಹೋದ್ಮೇಲೆ ಕತ್ತರಿಸಿದ್ದು. ನನ್ನ ಬಿಟ್ಟು ಅವರು ಯಾರಿಗೂ ಹೇಳಿಲ್ಲ. ಬೆಳಿಗ್ಗೆ ಮರಾನೇ ಇರ್ಲಿಲ್ಲ. ಕದ್ದವರನ್ನ ಬಿಟ್ರೆ ಆ ಕೊಂಬೆ ಇಲ್ದಿರೋದು ಇನ್ಯಾರಿಗೆ ಕಾಣುತ್ತೆ?”

ಶ್ರೀಹರಿ ಹಿಂಬಾಗಿಲು ತೆರೆದ.

ದೇವದಾರು ಹಿಂದಿನ ಬಾಲ್ಕನಿಯಲ್ಲಿತ್ತು. ತುದಿಯ ಸೂಜಿ ಎಲೆಗಳು ಆಗಲೇ ಹಳದಿಗೆ ತಿರುಗಿದ್ದವು.

“ಕೀ ಎಲ್ಲಿಡ್ತಾನೆ ಅಂತ ಕ್ಲಬ್ಬಿಗೆಲ್ಲ ಗೊತ್ತು,” ಎಂದ. “ನಾನು ತಂದ ದೇವದಾರು ಮೂರು ಸಲ ಸತ್ತೋಯ್ತು ಮೇಡಂ. ಅವನದ್ದು ಹೆಂಗೆ ಬದುಕಿದೆ? ಅದೊಂದು ಗೊತ್ತಾಗ್ಬೇಕಿತ್ತು.”

ಅದು ಗೊತ್ತಿದ್ದವನು ಸ್ಟೇಷನ್ ಬೆಂಚಿನ ಮೇಲೆ ಕೂತಿದ್ದ.

* * *

ಮರ ಪೀಠಕ್ಕೆ ಮರಳಿತು. ವೆಂಕಟಸುಬ್ಬಯ್ಯನವರನ್ನು ಕರೆದುಕೊಂಡು ಭಾಗ್ಯಲಕ್ಷ್ಮಿ ಮರ್ಫಿ ಟೌನಿನ ಪೀರಪ್ಪನ ಮನೆಗೆ ಹೋದಳು.

“ತಪ್ಪಾಯ್ತು ಪೀರಪ್ಪ. ನಾಳೆಯಿಂದ ಬಾ,” ಎಂದರು ಅವರು.

“ಸಿಕ್ತಲ್ಲ ಸ್ವಾಮಿ, ಸಂತೋಷ. ಗೋಣಿ ಜಗಲಿ ಮೂಲೇಲಿದೆ. ಮೂರು ಸಲ ನೆನೆಸ್ಬೇಕು. ನೀವೇ ನೆನೆಸ್ಕೊಳ್ಳಿ.”

ಆಮೇಲೆ ಅವಳ ಕಡೆ ತಿರುಗಿದ. “ನೀವು ನನ್ನ ಜೀಪಿಗೆ ಹತ್ತಿಸ್ಕೊಂಡು ಹೋಗಿದ್ದನ್ನ ಬೆನ್ಸನ್ ಟೌನ್ ಬೀದಿಯೆಲ್ಲ ನೋಡ್ತು ತಾಯಿ. ನಾನಲ್ಲ ಅಂತ ಅವರಿಗೆ ಯಾರು ಹೇಳ್ತಾರೆ?”

ಭಾಗ್ಯಲಕ್ಷ್ಮಿ ಜೀಪಿನತ್ತ ತಿರುಗಿದಳು. ತನ್ನ ಮೇಲೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಬೆನ್ಸನ್ ಟೌನಿನಲ್ಲಿ ಜೀಪು ನಿಂತಿತು. ಭಾಗ್ಯಲಕ್ಷ್ಮಿ ಇಳಿದು ಟೋಪಿ ತೆಗೆದಳು. ನಾಲ್ಕು ಮನೆಗಳಲ್ಲಿ ಮೊದಲನೆಯದರ ಬಾಗಿಲು ತಟ್ಟಿದಳು.